ಹೊಲಿಗೆ ಯಂತ್ರದ ಮೇಜಿನ ಮೇಲೊಂದು ಟ್ರ್ಯಾಕ್‌ಬಾಲ್

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡಂತೆ, ಅಮ್ಮನ ಹೊಲಿಗೆ ಯಂತ್ರದ ಮೇಜು ಇದೆ. ಯಂತ್ರವನ್ನು ಮಡಿಚಿ ಒಳಗಿಳಿಸಿ ಹಲಗೆ ಮುಚ್ಚಿದರೆ ಮೇಲ್ಭಾಗ ಸಮತಟ್ಟಾಗುತ್ತದೆ. ಆ ಹಲಗೆಯೇ ಎಂಟು ವರ್ಷಗಳಿಂದ ನನ್ನ ಕಚೇರಿ. ಪುಸ್ತಕಗಳ ಪುಟ ವಿನ್ಯಾಸ ನನ್ನ ಕೆಲಸ. ಊರಿನ ಇಬ್ಬರು ಮೂವರು ಪ್ರಕಾಶಕರು ಕಳಿಸುವ ಹಸ್ತಪ್ರತಿಗಳನ್ನು ಡೆಮಿ 1/8 ಅಳತೆಯ ಪುಟಗಳಿಗೆ ಕೂರಿಸಿ, ಕರಡು ತಿದ್ದಿಸಿ, ಮುದ್ರಣಾಲಯಕ್ಕೆ ಒಪ್ಪಿಸುವವರೆಗಿನ ಎಲ್ಲ ಕೆಲಸವೂ ಇಲ್ಲಿಯೇ ನಡೆಯುತ್ತದೆ. ಲ್ಯಾಪ್‌ಟಾಪ್, ಅದರ ಮುಂದೆ ಕೀಬೋರ್ಡ್, ಎಡಕ್ಕೆ ಕರಡು ಹಾಳೆಗಳ ಕಟ್ಟು, ಇಷ್ಟನ್ನು ಇಟ್ಟ ಮೇಲೆ ಬಲಗೈ ಬದಿಗೆ ಉಳಿಯುವುದು ಒಂದು ಗೇಣು ಜಾಗ. ಆ ಒಂದು ಗೇಣಿನಲ್ಲಿ ಮೌಸ್ ಓಡಾಡಬೇಕಿತ್ತು. ಅದು ಅಂಚಿಗೆ ಬರುತ್ತಿತ್ತು, ನಾನು ಎತ್ತಿ ಮತ್ತೆ ನಡುವೆ ಇಡುತ್ತಿದ್ದೆ. ದಿನಕ್ಕೆ ಎಷ್ಟು ಸಲ ಹೀಗೆ ಎತ್ತಿಟ್ಟಿದ್ದೇನೋ ಲೆಕ್ಕವಿಲ್ಲ.

ಕನ್ನಡ ಪುಟದ ಕೆಲಸದಲ್ಲಿ ಮೌಸಿಗೆ ಬಿಡುವು ಕಡಿಮೆ. ನಮ್ಮ ಅಕ್ಷರಗಳು ಸಾಲಿನ ಕೆಳಕ್ಕೂ ಬೆಳೆಯುತ್ತವೆ, ಮೇಲಕ್ಕೂ ಬೆಳೆಯುತ್ತವೆ. ಮೇಲಿನ ಸಾಲಿನ ‘ಸ್ತ್ರ’ದ ಒತ್ತುಗಳು ಇಳಿದು ಬಂದು ಕೆಳಗಿನ ಸಾಲಿನ ತಲೆಕಟ್ಟಿಗೋ ಗುಡಿಸಿಗೋ ತಾಗಿದರೆ ಓದುಗರ ಕಣ್ಣು ಅಲ್ಲಿ ಎಡವುತ್ತದೆ. ಅಂಥ ಜಾಗಗಳನ್ನು ಹುಡುಕಿ, ಆ ಸಾಲನ್ನು ಆರಿಸಿ, ಅಂತರವನ್ನು ಕೂದಲೆಳೆಯಷ್ಟು ಸರಿಸಬೇಕು. ಉದ್ದದ ಸಮಾಸಪದಗಳು ಸಾಲಿನ ಕೊನೆಯಲ್ಲಿ ಸಿಕ್ಕಿಕೊಂಡಾಗ ಪದಗಳ ನಡುವೆ ಬಿಳಿಯ ಕಂದಕಗಳು ಬೀಳುತ್ತವೆ. ಅವನ್ನೂ ಒಂದೊಂದಾಗಿ ಮುಚ್ಚಬೇಕು. ಮುನ್ನೂರು ಪುಟಗಳ ಪುಸ್ತಕವೊಂದನ್ನು ಮುಗಿಸುವ ಹೊತ್ತಿಗೆ ಬಲಗೈಯ ಮಣಿಕಟ್ಟಿನಿಂದ ಮೊಣಕೈಯವರೆಗೆ ಒಂದು ಸೆಳೆತ ಶುರುವಾಗುತ್ತಿತ್ತು. ಕಳೆದ ವರ್ಷ ಅದು ರಾತ್ರಿಯೂ ಬಿಡದಂತಾಯಿತು. ವೈದ್ಯರು ಪರೀಕ್ಷಿಸಿ, ಕೈಗೆ ವಿಶ್ರಾಂತಿ ಹೇಳಿ, ಕೆಲವು ವ್ಯಾಯಾಮಗಳನ್ನು ಕೊಟ್ಟು, ಕೆಲಸದ ಭಂಗಿಯನ್ನು ಬದಲಿಸಿಕೊಳ್ಳುವಂತೆ ಸೂಚಿಸಿದರು. ಭಂಗಿ ಬದಲಿಸಬೇಕಾದರೆ ಮೊದಲು ಮೌಸನ್ನು ಬದಲಿಸಬೇಕು ಎಂದು ನನಗೆ ಅನ್ನಿಸಿದ್ದು ಆಗ.

ಟ್ರ್ಯಾಕ್‌ಬಾಲ್ ಎಂದರೆ ಅಂಗಾತ ಮಲಗಿಸಿದ, ಹೊಟ್ಟೆಯಡಿ ಗುಂಡಿರುತ್ತಿದ್ದ ಹಳೆಯ ಕಾಲದ ಮೌಸ್ ಎಂದುಕೊಳ್ಳಬಹುದು. ಸಾಧನ ಮೇಜಿನ ಮೇಲೆ ಕದಲದೆ ಕೂತಿರುತ್ತದೆ. ಅದರ ಬಟ್ಟಲಿನಂಥ ಕುಳಿಯಲ್ಲಿ ಕುಳಿತ ಗುಂಡನ್ನು ಬೆರಳಿನಿಂದ ಉರುಳಿಸಿದರೆ ಪರದೆಯ ಮೇಲಿನ ಬಾಣ ಚಲಿಸುತ್ತದೆ. ಹುಟ್ಟಿನಲ್ಲಿ ಇದು ಮೌಸಿಗಿಂತ ಹಿರಿಯದು. 1946ರಲ್ಲಿ ಬ್ರಿಟನ್ನಿನ ನೌಕಾಪಡೆಯ ರೇಡಾರ್ ವ್ಯವಸ್ಥೆಗಾಗಿ ರಾಲ್ಫ್ ಬೆಂಜಮಿನ್ ಇಂಥದೊಂದನ್ನು ರೂಪಿಸಿದ್ದರು. 1952ರ ಸುಮಾರಿಗೆ ಕೆನಡಾದ ನೌಕಾಪಡೆಯ ‘ದತಾರ್’ ಯೋಜನೆಯಲ್ಲಿ ಟಾಮ್ ಕ್ರಾನ್‌ಸ್ಟನ್, ಫ್ರೆಡ್ ಲಾಂಗ್‌ಸ್ಟಾಫ್ ಮತ್ತು ಕೆನ್ಯನ್ ಟೇಲರ್ ಗೂಟ ಉರುಳಿಸುವ ಬೌಲಿಂಗ್ ಆಟದ ಚೆಂಡನ್ನೇ ಗುಂಡಾಗಿ ಬಳಸಿದರು. ಡಗ್ಲಸ್ ಎಂಗೆಲ್‌ಬಾರ್ಟ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸನ್ನು ಸಾರ್ವಜನಿಕವಾಗಿ ತೋರಿಸಿದ್ದು 1968ರ ಡಿಸೆಂಬರ್ 9ರಂದು. ಅಲುಗಾಡುವ ಹಡಗಿನಲ್ಲಿ, ಇಕ್ಕಟ್ಟಾದ ಕೋಣೆಯಲ್ಲಿ ಕೂತವರಿಗೆ ಬೇಕಾಗಿದ್ದದ್ದು ಜಾಗ ಬೇಡದ, ಕೂತಲ್ಲಿಂದ ಕದಲದ ಸಾಧನ. ನನ್ನ ಮೇಜಿಗೂ ಬೇಕಾಗಿದ್ದದ್ದು ಅದೇ.

ಮೊದಲ ಸಲ ನಾನು ಬೆಲೆಯೊಂದನ್ನೇ ನೋಡಿ ಕೊಂಡೆ. ಆನ್‌ಲೈನಿನಲ್ಲಿ ಸಾವಿರದ ಚಿಲ್ಲರೆ ರೂಪಾಯಿಗೆ ಸಿಕ್ಕ, ಹೆಸರು ಕೇಳಿಲ್ಲದ ಒಂದು ವೈರ್‌ಲೆಸ್ ಟ್ರ್ಯಾಕ್‌ಬಾಲ್ ಮನೆಗೆ ಬಂತು. ಬಣ್ಣದ ದೀಪಗಳಿದ್ದವು, ಎಂಟು ಗುಂಡಿಗಳಿದ್ದವು, ಡಬ್ಬಿಯ ಮೇಲೆ ಡಿಪಿಐಯ, ಅಂದರೆ ಬಾಣ ಎಷ್ಟು ಚುರುಕಾಗಿ ಸರಿಯುತ್ತದೆ ಎಂಬುದರ, ದೊಡ್ಡ ಅಂಕಿ ಅಚ್ಚಾಗಿತ್ತು. ಗುಂಡು ಮಾತ್ರ ಸರಾಗವಾಗಿ ಉರುಳುತ್ತಿರಲಿಲ್ಲ. ಬಾಣವನ್ನು ದೂರಕ್ಕೆ ಒಯ್ಯುವಾಗ ತೊಂದರೆ ತಿಳಿಯುತ್ತಿರಲಿಲ್ಲ. ಒಂದು ಅಕ್ಷರದ ಪಕ್ಕದಿಂದ ಇನ್ನೊಂದರ ಪಕ್ಕಕ್ಕೆ ಸರಿಸಲು ಹೆಬ್ಬೆರಳನ್ನು ಮೆಲ್ಲಗೆ ಒತ್ತಿದರೆ ಗುಂಡು ಮೊದಲು ಕದಲುತ್ತಲೇ ಇರಲಿಲ್ಲ, ಇನ್ನಷ್ಟು ಒತ್ತಿದರೆ ಒಮ್ಮೆಲೇ ಜಿಗಿದು ಎರಡು ಅಕ್ಷರ ಮುಂದೆ ಹೋಗಿ ನಿಲ್ಲುತ್ತಿತ್ತು. ಹತ್ತು ದಿನ ಹಟ ಹಿಡಿದು ಬಳಸಿದೆ. ಮಣಿಕಟ್ಟಿನ ಸೆಳೆತ ಹೆಬ್ಬೆರಳಿನ ಬುಡಕ್ಕೆ ವರ್ಗವಾಯಿತೇ ಹೊರತು ಕಡಿಮೆಯಾಗಲಿಲ್ಲ. ಹಿಂದಿರುಗಿಸುವ ಗಡುವಿನ ಕೊನೆಯ ದಿನ ಅದನ್ನು ಮತ್ತೆ ಡಬ್ಬಿಗೆ ಹಾಕಿ ಕಳಿಸಿದೆ.

ಆ ಹತ್ತು ದಿನ ಪೂರ್ತಿ ವ್ಯರ್ಥವಾಗಲಿಲ್ಲ, ಏಕೆಂದರೆ ಗುಂಡು ಏಕೆ ಹಾಗೆ ವರ್ತಿಸುತ್ತದೆ ಎಂದು ತಿಳಿಯಲು ಅದನ್ನು ತೆಗೆದು ಒಳಗೆ ನೋಡಿದೆ. ಕುಳಿಯ ಒಳಗೋಡೆಯಲ್ಲಿ ತೀರ ಸಣ್ಣದಾದ ಮೂರು ಮಣಿಗಳಿರುತ್ತವೆ. ಗುಂಡಿನ ಪೂರ್ತಿ ಭಾರವನ್ನೂ ನಮ್ಮ ಬೆರಳಿನ ಒತ್ತಡವನ್ನೂ ಹೊರುವುದು ಆ ಮೂರೇ ಬಿಂದುಗಳು. ಮಣಿಗಳು ನುಣುಪಾದ, ಗಡಸಾದ ವಸ್ತುವಿನವಾಗಿದ್ದು ಸಮನಾಗಿ ಕೂತಿದ್ದರೆ ಗುಂಡು ಬೆರಳಿನ ಜೊತೆಗೇ ಹೊರಡುತ್ತದೆ. ನಿಂತ ವಸ್ತುವನ್ನು ಹೊರಡಿಸಲು ಬೇಕಾದ ಬಲ, ಹೊರಟದ್ದನ್ನು ನಡೆಸಿಕೊಂಡು ಹೋಗಲು ಬೇಕಾದ ಬಲಕ್ಕಿಂತ ಸಾಮಾನ್ಯವಾಗಿ ಸ್ವಲ್ಪ ಹೆಚ್ಚು. ಈ ಎರಡರ ನಡುವಿನ ಅಂತರ ದೊಡ್ಡದಾದಷ್ಟೂ ಗುಂಡು ಅಂಟಿಕೊಂಡು ಆಮೇಲೆ ಜಿಗಿಯುತ್ತದೆ. ಮಣಿಗಳ ನಡುವೆ ಒಂದು ಪುಟ್ಟ ಕಿಂಡಿ ಇರುತ್ತದೆ. ಅದರೊಳಗಿನ ಸೆನ್ಸರ್ ಗುಂಡಿನ ಮೇಲಿರುವ ಚುಕ್ಕೆಗಳ ಚಲನೆಯನ್ನು ಬೆಳಕಿನ ನೆರವಿನಿಂದ ಓದುತ್ತದೆ. ಸೆನ್ಸರ್ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಓದಬಲ್ಲದ್ದು ಗುಂಡಿನ ಚಲನೆಯನ್ನು ಮಾತ್ರ. ಗುಂಡೇ ಕುಪ್ಪಳಿಸಿದರೆ ಸೆನ್ಸರ್ ಆ ಕುಪ್ಪಳಿಕೆಯನ್ನು ನಿಷ್ಠೆಯಿಂದ ಪರದೆಗೆ ಮುಟ್ಟಿಸುತ್ತದೆ. ಕಡಿಮೆ ಬೆಲೆಯ ಟ್ರ್ಯಾಕ್‌ಬಾಲನ್ನು ಹುಡುಕುವವರು ದೀಪ, ಗುಂಡಿಗಳ ಎಣಿಕೆ, ಡಿಪಿಐ ಎಲ್ಲವನ್ನೂ ಬದಿಗಿಟ್ಟು ಮೊದಲು ಪರೀಕ್ಷಿಸಬೇಕಾದದ್ದು ಈ ಮೂರು ಮಣಿಗಳನ್ನೂ ಅವುಗಳ ಮೇಲೆ ಗುಂಡು ಹೊರಡುವ ಬಗೆಯನ್ನೂ ಎಂದು ನನ್ನ ಖಚಿತ ಅಭಿಪ್ರಾಯ.

ಪರೀಕ್ಷಿಸುವುದೆಲ್ಲಿ ಎಂಬುದೇ ಮುಂದಿನ ತೊಡಕಾಯಿತು. ದೇವರಾಜ ಅರಸು ರಸ್ತೆಯಿಂದ ಹಿಡಿದು ನಾನು ವಿಚಾರಿಸಿದ ನಾಲ್ಕು ಅಂಗಡಿಗಳಲ್ಲಿ ಸಾಧಾರಣ ಮೌಸುಗಳು ಗೋಡೆ ತುಂಬ ನೇತಾಡುತ್ತಿದ್ದವು. ಟ್ರ್ಯಾಕ್‌ಬಾಲ್ ಒಂದೂ ಇರಲಿಲ್ಲ. ‘ಬೇಕಿದ್ದರೆ ಬೆಂಗಳೂರಿನಿಂದ ತರಿಸಿಕೊಡ್ತೀವಿ ಮೇಡಂ, ಆದರೆ ತರಿಸಿದ ಮೇಲೆ ತಗೊಳ್ಳಲೇಬೇಕು’ ಎಂದು ಒಬ್ಬರು ಹೇಳಿದರು. ಅವರ ಮಾತು ನ್ಯಾಯವಾದದ್ದೇ. ಕೊನೆಗೆ ದಾರಿ ತೋರಿಸಿದ್ದು ಮಂಡ್ಯದಲ್ಲಿರುವ ನನ್ನ ಸೋದರಮಾವನ ಮಗ. ಅವರು ಮನೆಗಳ ನಕ್ಷೆ ಬರೆದುಕೊಡುವ ಕೆಲಸ ಮಾಡುತ್ತಾರೆ, ಮನೆಯ ಮೇಲಿನ ಒಂದು ಕೋಣೆಯೇ ಅವರ ಕಚೇರಿ. ಅವರ ಬಳಿ ಕೆನ್ಸಿಂಗ್ಟನ್ ಕಂಪನಿಯ ಎಕ್ಸ್‌ಪರ್ಟ್ ಮೌಸ್ ಎಂಬ ಹೆಸರಿನ ಟ್ರ್ಯಾಕ್‌ಬಾಲ್ ಇದೆ ಎಂದು ಅಕ್ಕ ನೆನಪಿಸಿದಳು. ಭಾನುವಾರ ಬೆಳಗಿನ ರೈಲಿಗೆ ಹೋದೆ. ಯಾವುದು ಒಳ್ಳೆಯದು, ಯಾವುದಕ್ಕೆ ಎಷ್ಟು ಎಂದು ನಾನು ಕೇಳತೊಡಗಿದಾಗ ಭಾವ ಕುರ್ಚಿ ಬಿಟ್ಟು ಎದ್ದು, ‘ಕೈ ಮಡಗಿ ನೋಡವ್ವ ಮೊದ್ಲು, ದುಡ್ಡಿನ ಮಾತು ಆಮೇಕೆ’ ಎಂದರು.

ಅದರ ಗುಂಡು 55 ಮಿಲಿಮೀಟರ್ ಅಡ್ಡಳತೆಯದು, ಹೆಚ್ಚುಕಡಿಮೆ ಒಂದು ದೊಡ್ಡ ನಿಂಬೆಹಣ್ಣಿನಷ್ಟು. ಸುತ್ತ ಒಂದು ಬಳೆಯಿದೆ. ಅದನ್ನು ತಿರುಗಿಸಿದರೆ ಪುಟ ಮೇಲೆ ಕೆಳಗೆ ಸರಿಯುತ್ತದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಗುಂಡಿಗಳು. ಅಂಗೈಯನ್ನು ಇಳಿಬಿಟ್ಟು ತೋರುಬೆರಳು, ನಡುಬೆರಳುಗಳನ್ನು ಗುಂಡಿನ ಮೇಲಿಟ್ಟು ಮುಂದಕ್ಕೆ ದೂಡಿದೆ. ಗುಂಡು ಬೆರಳು ಬಿಟ್ಟ ಮೇಲೂ ಅರೆಕ್ಷಣ ತಾನೇ ಉರುಳಿತು, ಬಾಣ ಪರದೆಯ ಆ ತುದಿಗೆ ಹೋಗಿ ನಿಂತಿತು. ಮತ್ತೆ ಬೆರಳ ತುದಿಯಿಂದ ಮುಟ್ಟಿಯೂ ಮುಟ್ಟದಂತೆ ಸವರಿದಾಗ ಬಾಣ ಒಂದೇ ಒಂದು ಗೆರೆಯಷ್ಟು ಸರಿಯಿತು. ನನ್ನ ಮಣಿಕಟ್ಟು ಇಟ್ಟಲ್ಲೇ ಇತ್ತು. ಮೊಣಕೈ ಕುರ್ಚಿಯ ಕೈ ಮೇಲಿತ್ತು. ಭಾವ ಅದನ್ನು ಎರಡು ವಾರಕ್ಕೆ ಕೊಟ್ಟು ಕಳಿಸಿದರು, ಅಷ್ಟು ದಿನ ಹಳೆಯ ಮೌಸಿನಲ್ಲಿ ತಮ್ಮ ಕೆಲಸ ನಡೆಸಿದರು. ಆ ಎರಡು ವಾರಗಳ ಋಣ ದೊಡ್ಡದು. ಯಾವ ವಿಮರ್ಶೆ ಓದಿದರೂ ತಿಳಿಯದಿದ್ದ ಸಂಗತಿಗಳು ನನ್ನ ಕೈಗೇ ತಿಳಿದದ್ದು ಆಗ.

ಟ್ರ್ಯಾಕ್‌ಬಾಲುಗಳಲ್ಲಿ ಮುಖ್ಯವಾಗಿ ಎರಡು ಜಾತಿ: ಗುಂಡು ಪಕ್ಕದಲ್ಲಿದ್ದು ಹೆಬ್ಬೆರಳಿನಿಂದ ಉರುಳಿಸುವಂಥವು, ಗುಂಡು ನಡುವೆ ಇದ್ದು ಉಳಿದ ಬೆರಳುಗಳಿಂದ ಉರುಳಿಸುವಂಥವು. ಮೊದಲನೆಯದು ನೋಟಕ್ಕೂ ಹಿಡಿತಕ್ಕೂ ಸಾಧಾರಣ ಮೌಸನ್ನೇ ಹೋಲುವುದರಿಂದ ಬೇಗ ಒಗ್ಗುತ್ತದೆ, ಕಡಿಮೆ ಜಾಗ ತಿನ್ನುತ್ತದೆ, ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಆದರೆ ಪೂರ್ತಿ ದುಡಿಮೆ ಒಂದೇ ಹೆಬ್ಬೆರಳಿನ ಮೇಲೆ ಬೀಳುತ್ತದೆ. ಹೆಬ್ಬೆರಳನ್ನು ಎತ್ತುವ, ಹೊರಗೆ ಚಾಚುವ ಸ್ನಾಯುರಜ್ಜುಗಳು ಮಣಿಕಟ್ಟಿನ ಪಕ್ಕದಲ್ಲಿ ಒಂದು ಕಿರಿದಾದ ಕೊಳವೆಯಂಥ ಹೊದಿಕೆಯೊಳಗೆ ಹಾದುಹೋಗುತ್ತವೆ. ಅಲ್ಲಿ ಉಂಟಾಗುವ ನೋವಿನ ತೊಂದರೆಗೆ, ಅದನ್ನು 1895ರಲ್ಲಿ ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ ಅವರ ಹೆಸರೇ ಇದೆ. ಎಳೆಯ ಮಕ್ಕಳನ್ನು ಮತ್ತೆ ಮತ್ತೆ ಎತ್ತಿಕೊಳ್ಳುವ ತಾಯಂದಿರಲ್ಲಿ ಇದು ಹೆಚ್ಚಾಗಿ ಕಾಣುತ್ತದೆ. ಈಗಾಗಲೇ ಹೆಬ್ಬೆರಳಿನ ಬುಡದಲ್ಲಿ ನೋವಿರುವವರು, ದಿನವಿಡೀ ಫೋನಿನಲ್ಲಿ ಹೆಬ್ಬೆರಳಿನಿಂದಲೇ ಟೈಪಿಸುವವರು ಹೆಬ್ಬೆರಳಿನ ಗುಂಡನ್ನು ಕೊಳ್ಳುವ ಮುಂಚೆ ವೈದ್ಯರ ಮಾತು ಕೇಳಬೇಕು. ಟ್ರ್ಯಾಕ್‌ಬಾಲ್ ನೋವನ್ನು ಗುಣಪಡಿಸುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಅದು ದುಡಿಮೆಯನ್ನು ಒಂದು ಕೀಲಿನಿಂದ ಇನ್ನೊಂದು ಕೀಲಿಗೆ ಸಾಗಿಸುತ್ತದೆ. ಹೊಸದಾಗಿ ಭಾರ ಹೊರಬೇಕಾದ ಕೀಲಿನಲ್ಲಿ ಅದಕ್ಕೆ ಕಸುವಿದೆಯೇ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಕೈಯನ್ನೇ ಕೇಳಿ ತಿಳಿಯಬೇಕು.

ಎಡಗೈಯವರಿಗೆ ಆಯ್ಕೆ ಇನ್ನೂ ಕಿರಿದು. ಹೆಬ್ಬೆರಳಿನವು ಬಹುತೇಕ ಎಲ್ಲವೂ ಬಲಗೈಗೆಂದೇ ಅಚ್ಚು ಹಾಕಿದವು. ಜಪಾನಿನ ಎಲೆಕಾಮ್ ಕಂಪನಿ ಎಡಗೈಯ ಮಾದರಿಯನ್ನೂ ಮಾಡುತ್ತದೆ, ಆದರೆ ನಾನು ಸುತ್ತಿದ ಅಂಗಡಿಗಳಲ್ಲಿ ಅದು ಕಾಣಲಿಲ್ಲ. ನಡುಗುಂಡಿನವು ಎರಡೂ ಕೈಗೆ ಒಗ್ಗುವಂತೆ ಸಮರೂಪದಲ್ಲಿ ಇರುವುದೇ ಹೆಚ್ಚು.

ಡಿಪಿಐ ಎಂಬ ಅಂಕಿಯ ಬಗ್ಗೆ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಜಾಹೀರಾತುಗಳು ಅದನ್ನೇ ಮುಂದೆ ಮಾಡುತ್ತವೆ. ಗುಂಡಿನ ಮೇಲ್ಮೈ ಒಂದು ಅಂಗುಲ ಸರಿದರೆ ಬಾಣ ಪರದೆಯ ಎಷ್ಟು ಚುಕ್ಕೆ (ಪಿಕ್ಸೆಲ್) ಸರಿಯಬೇಕು ಎಂಬುದನ್ನು ಅದು ಹೇಳುತ್ತದೆ. ನನ್ನ ಪರದೆಯ ಅಗಲ 1920 ಚುಕ್ಕೆ. 400 ಡಿಪಿಐಯಲ್ಲಿ ಪರದೆಯ ಈ ತುದಿಯಿಂದ ಆ ತುದಿಗೆ ಹೋಗಲು ಗುಂಡು 4.8 ಅಂಗುಲ ಉರುಳಬೇಕು, 800ರಲ್ಲಿ 2.4 ಅಂಗುಲ, 2000ದಲ್ಲಿ ಒಂದು ಅಂಗುಲವೂ ಬೇಡ. ಹೆಬ್ಬೆರಳು ಆಯಾಸವಿಲ್ಲದೆ ಒಂದು ಬೀಸಿಗೆ ಸವರುವುದು ಒಂದು, ಒಂದೂವರೆ ಅಂಗುಲ. ಹೀಗಾಗಿ 800ರ ಆಸುಪಾಸಿನಲ್ಲಿ ಎರಡು ಬೀಸಿಗೆ ಪರದೆ ದಾಟಬಹುದು, ಅದೇ ಹೊತ್ತಿಗೆ ಅಕ್ಷರದ ಪಕ್ಕ ನಿಲ್ಲುವ ನಿಖರತೆಯೂ ಉಳಿಯುತ್ತದೆ. ಅದಕ್ಕಿಂತ ತುಂಬ ಮೇಲಿನ ಅಂಕಿಗಳನ್ನು ಬಳಸಬೇಕಾದರೆ ಬೆರಳಿಗೆ ಅಷ್ಟು ಸೂಕ್ಷ್ಮವಾಗಿ ಅಲುಗಲು ಬರಬೇಕು. ನನ್ನದಕ್ಕೆ ಬರುವುದಿಲ್ಲ, ನಾನು ಕೇಳಿದ ಯಾರದಕ್ಕೂ ಬರುವುದಿಲ್ಲ. ಗುಂಡಿನ ಗಾತ್ರ ಇದಕ್ಕಿಂತ ಹೆಚ್ಚು ಮುಖ್ಯ. 34 ಮಿಲಿಮೀಟರ್ ಗುಂಡಿನ ಸುತ್ತಳತೆ ಸುಮಾರು 107 ಮಿಲಿಮೀಟರ್, 55ರದ್ದು ಸುಮಾರು 173. ದೊಡ್ಡ ಗುಂಡಿನಲ್ಲಿ ಬೆರಳಿಗೆ ಸಿಗುವ ಬೆನ್ನು ಅಗಲ. ಭಾರವೂ ಹೆಚ್ಚಿರುವುದರಿಂದ ಒಮ್ಮೆ ತಳ್ಳಿದರೆ ತಾನೇ ಒಂದಿಷ್ಟು ದೂರ ಓಡುತ್ತದೆ.

ಈ ಸಾಧನದ ನಿಜವಾದ ದೊಡ್ಡತನ ನನಗೆ ಕಂಡದ್ದು ಕ್ಲಿಕ್ ಮಾಡುವಾಗ. ಸಾಧಾರಣ ಮೌಸಿನಲ್ಲಿ ಬಾಣವನ್ನು ಗುರಿಯ ಮೇಲೆ ನಿಲ್ಲಿಸಿ ಗುಂಡಿ ಒತ್ತುವ ಕ್ಷಣದಲ್ಲಿ, ಒತ್ತಿದ ಬಲಕ್ಕೆ ಇಡೀ ಮೌಸ್ ಕೂದಲೆಳೆಯಷ್ಟು ಜಾರುತ್ತದೆ. ಪರದೆಯ ಮೇಲಿನ ದೊಡ್ಡ ಗುಂಡಿಗಳನ್ನು ಒತ್ತುವವರಿಗೆ ಅದು ಗೊತ್ತೇ ಆಗುವುದಿಲ್ಲ. ‘ಕ್ಷ್ಮ’ದ ಪಕ್ಕದಲ್ಲಿ ಕರ್ಸರ್ ಇಡಬೇಕಾದ ನನಗೆ ಆ ಎಳೆಯಷ್ಟು ಜಾರಿಕೆಯೇ ದಿನಕ್ಕೆ ನೂರು ಸಲದ ಕಿರಿಕಿರಿಯಾಗಿತ್ತು. ಟ್ರ್ಯಾಕ್‌ಬಾಲಿನಲ್ಲಿ ಗುರಿ ಹಿಡಿಯುವ ಬೆರಳೇ ಬೇರೆ, ಒತ್ತುವ ಬೆರಳೇ ಬೇರೆ. ನಿಲ್ಲಿಸಿದ ಬಾಣ ನಿಲ್ಲಿಸಿದಲ್ಲೇ ಇರುತ್ತದೆ. ಅದನ್ನು ಮೊದಲ ಸಲ ಗಮನಿಸಿದ ಮಧ್ಯಾಹ್ನ ನಾನು ಬೇರೆ ಕೆಲಸ ಬಿಟ್ಟು, ಒಂದು ಪುಟದ ಒತ್ತಕ್ಷರಗಳನ್ನೆಲ್ಲ ಸುಮ್ಮನೆ ಒಂದೊಂದಾಗಿ ಕ್ಲಿಕ್ ಮಾಡುತ್ತ ಕೂತಿದ್ದೆ, ಅಷ್ಟು ಹಿತವಾಗಿತ್ತು.

ಎಳೆದೊಯ್ಯುವ ಕೆಲಸದಲ್ಲಿ ಮಾತ್ರ ಟ್ರ್ಯಾಕ್‌ಬಾಲ್ ಹಿಂದೆ ಬೀಳುತ್ತದೆ, ಇದನ್ನು ಮುಚ್ಚಿಡಬಾರದು. ಚಿತ್ರವೊಂದನ್ನು ಹಿಡಿದು ಪುಟದ ಇನ್ನೊಂದು ಮೂಲೆಗೆ ಒಯ್ಯುವಾಗ ಒಂದು ಬೆರಳು ಗುಂಡಿಯನ್ನು ಒತ್ತಿಯೇ ಹಿಡಿದಿರಬೇಕು, ಇನ್ನೊಂದು ಗುಂಡನ್ನು ಉರುಳಿಸುತ್ತಿರಬೇಕು. ನಡುವೆ ಎಲ್ಲೋ ಒಂದು ಸಡಿಲುತ್ತದೆ, ಚಿತ್ರ ದಾರಿಯಲ್ಲೇ ಬಿದ್ದುಹೋಗುತ್ತದೆ. ಸ್ಕಾಟ್ ಮೆಕೆಂಜಿ, ಅಬಿಗೇಲ್ ಸೆಲ್ಲೆನ್ ಮತ್ತು ಬಿಲ್ ಬಕ್ಸ್‌ಟನ್ 1991ರಲ್ಲಿ ಮೌಸ್, ಬರಹದ ಕಡ್ಡಿ (ಸ್ಟೈಲಸ್), ಟ್ರ್ಯಾಕ್‌ಬಾಲ್ ಮೂರನ್ನೂ ಹೋಲಿಸಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಟ್ರ್ಯಾಕ್‌ಬಾಲ್ ಮೂರನೆಯ ಸ್ಥಾನದಲ್ಲಿತ್ತು, ಎಳೆಯುವ ಕೆಲಸದಲ್ಲಿ ಅದರ ತಪ್ಪುಗಳು ಹೆಚ್ಚಾಗಿದ್ದವು. ಆಗಿನ ಸಾಧನಗಳಿಗಿಂತ ಈಗಿನವು ಎಷ್ಟೋ ಸುಧಾರಿಸಿದ್ದರೂ ಆ ಫಲಿತಾಂಶವನ್ನು ನನ್ನ ಕೈ ಇವತ್ತಿಗೂ ಒಪ್ಪುತ್ತದೆ. ನಾನು ಕಂಡುಕೊಂಡ ಪರಿಹಾರವೆಂದರೆ ಎಳೆಯುವುದನ್ನೇ ಕಡಿಮೆ ಮಾಡಿದ್ದು. ಚಿತ್ರ ಎಲ್ಲಿ ಕೂರಬೇಕೋ ಆ ಅಳತೆಯನ್ನು ಅಂಕಿಗಳಲ್ಲಿ ಟೈಪಿಸುತ್ತೇನೆ, ಉಳಿದ ಸಣ್ಣ ಹೊಂದಾಣಿಕೆಯನ್ನು ಕೀಬೋರ್ಡಿನ ಬಾಣದ ಕೀಲಿಗಳಿಂದ ಮುಗಿಸುತ್ತೇನೆ. ಪುಟಗಳು ಮೊದಲಿಗಿಂತ ಅಚ್ಚುಕಟ್ಟಾದವು. ಕೈಯಿಂದ ಚಿತ್ರ ಬಿಡಿಸುವವರಿಗೆ, ಗೆರೆಗಳನ್ನು ಬಾಗಿಸಿ ಎಳೆಯುವವರಿಗೆ ಈ ದಾರಿ ಸಾಲದು. ಅವರು ಟ್ರ್ಯಾಕ್‌ಬಾಲನ್ನು ಕೊಳ್ಳದಿರುವುದೇ ಒಳ್ಳೆಯದು.

ವೈರ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಟ್ರ್ಯಾಕ್‌ಬಾಲಿನ ಉತ್ತರ ಸ್ವಲ್ಪ ಬೇರೆ. ಸಾಧನ ಓಡಾಡುವುದೇ ಇಲ್ಲವಾದ್ದರಿಂದ ವೈರ್ ಎಳೆದಾಡುವ ತಾಪತ್ರಯವಿಲ್ಲ, ವೈರಿನದು ಕೊಂಡರೆ ಒಂದಷ್ಟು ಹಣ ಉಳಿಯುತ್ತದೆ, ಸೆಲ್ಲಿನ ಚಿಂತೆಯೂ ಇಲ್ಲ. ನಾನು ವೈರ್‌ಲೆಸ್ ಬಯಸಿದ್ದಕ್ಕೆ ಕಾರಣ ಅಮ್ಮ. ಅವರಿಗೆ ಈಗಲೂ ವಾರಕ್ಕೊಮ್ಮೆ ರವಿಕೆಯನ್ನೋ ದಿಂಬಿನ ಚೀಲವನ್ನೋ ಹೊಲಿಯಬೇಕು. ಆಗ ನಾನು ಎಲ್ಲವನ್ನೂ ಎತ್ತಿಕೊಂಡು ಊಟದ ಮೇಜಿಗೋ ಮಂಚಕ್ಕೋ ಹೋಗಬೇಕು. ಗುಂಡಿನ ಚಲನೆ ಕುಳಿಯೊಳಗೇ ನಡೆಯುವುದರಿಂದ ಕೆಳಗೆ ಗಾಜಿದ್ದರೂ ಜಮಖಾನೆಯಿದ್ದರೂ ಕೆಲಸ ನಿಲ್ಲುವುದಿಲ್ಲ. ಮಂಚದ ಮೇಲೆ, ಮಡಿಲಲ್ಲಿಟ್ಟ ದಿಂಬಿನ ಮೇಲೂ ಬಳಸಿದ್ದೇನೆ.

ವೈರ್‌ಲೆಸ್ ಎರಡು ಬಗೆ: ಯುಎಸ್‌ಬಿ ಕಿಂಡಿಗೆ ಚುಚ್ಚುವ ಪುಟ್ಟ ರಿಸೀವರ್, ಇಲ್ಲವೇ ಬ್ಲೂಟೂತ್. ಎರಡೂ 2.4 ಗಿಗಾಹರ್ಟ್ಸ್ ತರಂಗಗಳಲ್ಲೇ ಮಾತಾಡುತ್ತವೆ. ಬ್ಲೂಟೂತಿನಿಂದ ಒಂದು ಕಿಂಡಿ ಉಳಿಯುತ್ತದೆ. ರಿಸೀವರ್ ಕಂಪ್ಯೂಟರ್ ಹೊತ್ತಿಕೊಂಡ ತಕ್ಷಣ ಸ್ಪಂದಿಸುತ್ತದೆ. ಎರಡೂ ಇರುವ ಮಾದರಿ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಇಲ್ಲಿ ನನಗಾದ ಒಂದು ಅನುಭವವನ್ನು ಹೇಳಬೇಕು. ಹೊಸ ಟ್ರ್ಯಾಕ್‌ಬಾಲ್ ಬಂದ ಮೂರನೆಯ ವಾರ, ಮುಗಿದ ಪುಸ್ತಕದ ಕಡತಗಳನ್ನು ಹೊರಗಿನ ಹಾರ್ಡ್‌ಡಿಸ್ಕಿಗೆ ತುಂಬುವಾಗಲೆಲ್ಲ ಬಾಣ ತಡವರಿಸುತ್ತಿತ್ತು, ನಿಂತು ನಿಂತು ಓಡುತ್ತಿತ್ತು. ಗುಂಡಿನ ಮೈಗೆ ಕೊಳೆ ಹಿಡಿದಿದೆ ಎಂದು ಮೂರು ಸಲ ತೆಗೆದು ಒರೆಸಿದೆ, ಸೆಲ್ ಬದಲಿಸಿದೆ. ಕೊನೆಗೆ ತಿಳಿದದ್ದೇನೆಂದರೆ ಯುಎಸ್‌ಬಿ 3ರ ಕಿಂಡಿಗಳೂ ವೈರುಗಳೂ ದತ್ತಾಂಶ ಸಾಗಿಸುವಾಗ ಇದೇ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲವನ್ನು ಹೊಮ್ಮಿಸುತ್ತವೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ವಿವರಿಸಿ ಒಂದು ಬರಹ ಪ್ರಕಟಿಸಿತ್ತು. ನನ್ನ ರಿಸೀವರ್ ಹಾರ್ಡ್‌ಡಿಸ್ಕಿನ ಪಕ್ಕದ ಕಿಂಡಿಯಲ್ಲೇ ಕೂತಿತ್ತು. ಒಂದು ಮೊಳದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ರಿಸೀವರನ್ನು ಕೀಬೋರ್ಡಿನ ಪಕ್ಕಕ್ಕೆ ತಂದಿಟ್ಟೆ. ಅಂದಿನಿಂದ ಬಾಣ ಒಮ್ಮೆಯೂ ತಡವರಿಸಿಲ್ಲ. ವೈರ್‌ಲೆಸ್ ಸಾಧನ ಕೆಟ್ಟಿದೆ ಎಂದು ಹಿಂದಿರುಗಿಸುವ ಮುಂಚೆ ಎಲ್ಲರೂ ಇದೊಂದನ್ನು ಮಾಡಿ ನೋಡಬೇಕು.

ಸೆಲ್ಲಿನ ವಿಷಯದಲ್ಲಿ ನನ್ನ ಒಲವು ಸ್ಪಷ್ಟವಾಗಿ ಹಳೆಯ ಕಡೆಗೆ. ಒಳಗೇ ಬ್ಯಾಟರಿ ಇದ್ದು ಚಾರ್ಜ್ ಮಾಡುವಂಥವು ಅನುಕೂಲವೇ, ಆದರೆ ಆ ಬ್ಯಾಟರಿ ವರ್ಷಗಳು ಕಳೆದಂತೆ ಸೊರಗುತ್ತದೆ, ಬಿಚ್ಚಿ ಬದಲಿಸುವುದು ಸುಲಭವಲ್ಲ. ಗೋಡೆ ಗಡಿಯಾರಕ್ಕೆ ಹಾಕುವ ಸೆಲ್ ನಮ್ಮ ಬೀದಿಯ ಮೂಲೆಯ ದಿನಸಿ ಅಂಗಡಿಯಲ್ಲೂ ಸಿಗುತ್ತದೆ.

ಎರಡು ವಾರ ಮುಗಿದು ಭಾವನ ಸಾಧನವನ್ನು ಮಂಡ್ಯಕ್ಕೆ ಮುಟ್ಟಿಸಿ ಬಂದ ಮೇಲೆ ಆಯ್ಕೆಯ ಮಾತು. ಮನಸ್ಸು ಆ ದೊಡ್ಡ ಗುಂಡಿನಲ್ಲೇ ಇತ್ತು. ಆದರೆ ನನ್ನ ಕೈಯಲ್ಲಿದ್ದದ್ದು ನಾಲ್ಕು ಸಾವಿರ ರೂಪಾಯಿ, ಅದಕ್ಕೆ ಆ ಮಾದರಿ ಎಟುಕುತ್ತಿರಲಿಲ್ಲ. ಜೊತೆಗೆ ಅದರ ಅಗಲಕ್ಕೆ ನನ್ನ ಒಂದು ಗೇಣು ಪೂರ್ತಿ ತುಂಬಿಹೋಗಿ, ಕೈ ಊರಲು ಹಲಗೆಯ ಅಂಚೇ ಗತಿಯಾಗಿತ್ತು. ಹೆಬ್ಬೆರಳಿನ ಜಾತಿಯಲ್ಲಿ ಲಾಜಿಟೆಕ್ ಕಂಪನಿಯ ಎರಡು ಮಾದರಿಗಳನ್ನು ತೂಗಿ ನೋಡಿದೆ. ಎಂಎಕ್ಸ್ ಎರ್ಗೋವನ್ನು 20 ಡಿಗ್ರಿ ಓರೆಯಾಗಿಸಬಹುದು. ಹಸ್ತಲಾಘವ ಕೊಡುವಾಗಿನಂತೆ ಅಂಗೈ ಸ್ವಲ್ಪ ಪಕ್ಕಕ್ಕೆ ತಿರುಗುವುದರಿಂದ ಮುಂಗೈಗೆ ಹಿತ. ಬಾಣದ ವೇಗವನ್ನು ಥಟ್ಟನೆ ತಗ್ಗಿಸುವ ಗುಂಡಿಯೂ ಅದರಲ್ಲಿದೆ. ಆಗ ಅದರ ಬೆಲೆ ಎರಡನೆಯದರ ಸುಮಾರು ಎರಡು ಪಟ್ಟಿತ್ತು. 2020ರಲ್ಲಿ ಬಂದ ಎರ್ಗೋ ಎಂ575ರಲ್ಲಿ ಓರೆಯಾಗಿಸುವ ಸೌಲಭ್ಯವಿಲ್ಲ, ಆದರೆ ಗುಂಡು ಅದೇ 34 ಮಿಲಿಮೀಟರಿನದು. ರಿಸೀವರ್, ಬ್ಲೂಟೂತ್ ಎರಡೂ ಇವೆ. ಡಿಪಿಐ 400ರಿಂದ 2000ದವರೆಗೆ ಹೊಂದಿಸಬಹುದು. ಒಂದೇ ಸೆಲ್, ಅದು ರಿಸೀವರಿನಲ್ಲಿ 24 ತಿಂಗಳವರೆಗೆ ಬರಬಲ್ಲದು ಎನ್ನುವುದು ಕಂಪನಿಯ ಲೆಕ್ಕ. ನಾನು ಕೊಂಡದ್ದು ಇದನ್ನು. ಓರೆಯ ಕೊರತೆಯನ್ನು ಮರದ ಕೆಲಸದವರಿಂದ ಒಂದು ಇಳಿಜಾರು ಹಲಗೆ ಮಾಡಿಸಿ ತುಂಬಿಕೊಂಡೆ, ಅಡಿಗೆ ಜಾರದಂತೆ ರಬ್ಬರಿನ ತುಂಡು ಅಂಟಿಸಿದೆ. ಸಾಧಾರಣ ಮೌಸ್ ಹೀಗೆ ಇಳಿಜಾರಿನಲ್ಲಿ ನಿಲ್ಲುವುದಿಲ್ಲ. ಓಡದೆ ಕೂತಿರುವ ಸಾಧನಕ್ಕೆ ಮಾತ್ರ ಈ ಉಪಾಯ ಸಾಧ್ಯ.

ಕಲಿಯಲು ನನಗೆ ಹಿಡಿದದ್ದು ಒಂಬತ್ತು ದಿನ. ಮೊದಲ ಮೂರು ದಿನ ಪ್ರತಿಯೊಂದು ಗುರಿಯನ್ನೂ ದಾಟಿ ಹೋಗಿ ಹಿಂದಿರುಗುತ್ತಿದ್ದೆ. ಹೊಸ ಗುಂಡು ಮೊದಮೊದಲು ಸ್ವಲ್ಪ ಅಂಟುವಂತೆ ಇರುತ್ತದೆ, ಕೈಯ ಎಣ್ಣೆಯಂಶ ತಗಲುತ್ತ ತಗಲುತ್ತ ಸರಾಗವಾಗುತ್ತದೆ ಎಂದು ಭಾವ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಗಡುವು ಹತ್ತಿರವಿರುವ ಕೆಲಸವಿದ್ದಾಗ ಯಾರೂ ಸಾಧನ ಬದಲಿಸಬಾರದು. ನಾನು ಎರಡು ಪುಸ್ತಕಗಳ ನಡುವಿನ ಬಿಡುವಿನಲ್ಲಿ ಬದಲಿಸಿದೆ. ಹತ್ತನೆಯ ದಿನ ಕರಡು ತಿದ್ದುಪಡಿಗಳನ್ನು ಹಾಕುತ್ತ ಕೂತಿದ್ದಾಗ, ಅರ್ಧ ಗಂಟೆಯಿಂದ ಗುಂಡಿನ ಕಡೆಗೆ ಗಮನವೇ ಹೋಗಿಲ್ಲವೆಂದು ಹೊಳೆಯಿತು. ಮೊಣಕೈಯ ಸೆಳೆತ ಎರಡು ತಿಂಗಳಲ್ಲಿ ಬಹಳ ಮಟ್ಟಿಗೆ ಇಳಿದಿದೆ. ಅದರಲ್ಲಿ ವ್ಯಾಯಾಮದ ಪಾಲು ಎಷ್ಟು, ಈ ಗುಂಡಿನ ಪಾಲು ಎಷ್ಟು ಎಂದು ಬೇರ್ಪಡಿಸಿ ಹೇಳಲಾರೆ.

ಇನ್ನು ಶುಚಿಯ ಮಾತು. ವಾರಕ್ಕೊಮ್ಮೆ ಸಾಧನವನ್ನು ಬೋರಲು ಹಾಕಿ, ತಳದಲ್ಲಿರುವ ತೂತಿನಿಂದ ಪೆನ್ನಿನ ಹಿಂಬದಿಯನ್ನು ತೂರಿಸಿ ಒತ್ತಿದರೆ ಗುಂಡು ಅಂಗೈಗೆ ಬೀಳುತ್ತದೆ. ಮೂರು ಮಣಿಗಳ ಸುತ್ತಲೂ ಬೂದುಬಣ್ಣದ ನೂಲಿನಂಥ ಕೊಳೆ ಉಂಗುರದಂತೆ ಸುತ್ತಿಕೊಂಡಿರುತ್ತದೆ; ಬೆರಳಿನ ಜಿಡ್ಡು, ಬಟ್ಟೆಯ ಎಳೆ, ಧೂಳು ಸೇರಿ ಆದದ್ದು. ಕಡ್ಡಿಗೆ ಹತ್ತಿ ಸುತ್ತಿ ಅದನ್ನು ಬಿಡಿಸಿ, ಗುಂಡನ್ನು ಹಳೆಯ ಮೆತ್ತನೆಯ ಪಂಚೆಯ ತುಂಡಿನಿಂದ ಒರೆಸಿದರೆ ಎರಡು ನಿಮಿಷದ ಕೆಲಸ. ಒಂದು ತಿಂಗಳು ಗುಂಡು ವಾರದ ನಡುವೆಯೇ ಗರಗರ ಎನ್ನತೊಡಗಿತ್ತು. ತೆಗೆದು ಕಿಟಕಿಯ ಬೆಳಕಿಗೆ ಹಿಡಿದಾಗ ಒಂದು ಮಣಿಯ ಬುಡದಲ್ಲಿ ಬಿಳಿಯ, ಸಕ್ಕರೆಯಂಥ ಕಣಗಳು ಕಂಡವು. ಬೆರಳಲ್ಲಿ ಉಜ್ಜಿದಾಗ ಗುರುತು ಸಿಕ್ಕಿತು: ರಂಗೋಲಿ ಪುಡಿ. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಕೈಯನ್ನು ಸೀರೆಗೆ ಒರೆಸಿಕೊಂಡು ನೇರವಾಗಿ ಕೆಲಸಕ್ಕೆ ಕೂರುತ್ತಿದ್ದೆ. ರಂಗೋಲಿ ಪುಡಿ ಅರೆದ ಕಲ್ಲಿನದು; ಅದು ಗುಂಡಿನ ಮೈಯನ್ನು ಗೀರಬಲ್ಲದು. ಈಗ ನಲ್ಲಿಯ ಕೆಳಗೆ ಕೈ ತೊಳೆದು, ಒಣಗಿಸಿಕೊಂಡು, ಆಮೇಲೆ ಕೂರುತ್ತೇನೆ.

ಕಳೆದ ವಾರ ನಮ್ಮ ಎದುರು ಮನೆಯ ಹುಡುಗಿ ಬಂದಿದ್ದಳು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾಳೆ, ಅವಳಿಗೂ ಮಣಿಕಟ್ಟು ನೋವು. ‘ಯಾವುದು ತಗೊಳ್ಳಲಿ ಆಂಟಿ?’ ಎಂದು ಕೇಳಿದಳು. ನನ್ನ ಎಂ575ನ್ನು ರಿಸೀವರ್, ಇಳಿಜಾರು ಹಲಗೆ ಸಮೇತ ಅವಳ ಕೈಗಿಟ್ಟು, ಎರಡು ವಾರ ಬಳಸಿ ಹೆಬ್ಬೆರಳು ಏನನ್ನುತ್ತದೋ ನೋಡು ಎಂದು ಕಳಿಸಿದೆ. ಈ ಬರಹವನ್ನು ತಿದ್ದುತ್ತಿರುವುದು ಹಳೆಯ ಮೌಸಿನಲ್ಲಿ. ಅದು ಹಲಗೆಯ ಅಂಚಿಗೆ ಬಂದಾಗಲೆಲ್ಲ ಎತ್ತಿ ನಡುವೆ ಇಡುತ್ತಿದ್ದೇನೆ, ಇನ್ನೂ ಒಂಬತ್ತು ದಿನ ಬಾಕಿಯಿದೆ.